ಸಹಿ ಹಾಕುವ ಮುನ್ನ: ನಮ್ಮ ಮಕ್ಕಳಿಗೆ ಬೇಕಾದ ವ್ಯವಹಾರಜ್ಞಾನ

ಗಣಿತದಲ್ಲಿ ಒಳ್ಳೆಯ ಅಂಕ ಪಡೆದು ನಮ್ಮ ಶಾಲೆಯಿಂದ ಹೊರಟ ಹುಡುಗನೊಬ್ಬನ ತಾಯಿ ಕಳೆದ ಮಳೆಗಾಲದಲ್ಲಿ ನಮ್ಮನ್ನು ಕಾಣಲು ಬಂದಿದ್ದರು. ಕೈಯಲ್ಲಿ ಬ್ಯಾಂಕಿನಿಂದ ಬಂದ ಕಾಗದವಿತ್ತು. ಕಾಲೇಜಿಗೆ ಹೋಗುತ್ತಿದ್ದ ಮಗ ಪರಿಚಯದವನೊಬ್ಬನ ಮಾತು ನಂಬಿ, ತನ್ನ ಹೆಸರಿನಲ್ಲಿ ಖಾತೆ ತೆರೆದು, ಪಾಸ್‌ಬುಕ್ ಮತ್ತು ಎ.ಟಿ.ಎಂ. ಕಾರ್ಡನ್ನು ಅವನ ಕೈಗೆ ಕೊಟ್ಟಿದ್ದ. ಪ್ರತಿಫಲವಾಗಿ ಸಿಕ್ಕಿದ್ದು ಮೂರು ಸಾವಿರ ರೂಪಾಯಿ. ಯಾರನ್ನೋ ವಂಚಿಸಿ ದೋಚಿದ ಹಣ ಆ ಖಾತೆಯ ಮೂಲಕ ಹಾದುಹೋಗಿತ್ತು. ಖಾತೆಯನ್ನು ತಡೆಹಿಡಿಯಲಾಗಿತ್ತು, ಪೊಲೀಸರ ವಿಚಾರಣೆಯೂ ಆರಂಭವಾಗಿತ್ತು. "ಮಾಷ್ಟ್ರೇ, ಅಷ್ಟು ಲೆಕ್ಕ ಕಲಿತವನಿಗೆ ಇಷ್ಟು ತಿಳಿಯಲಿಲ್ಲವೇ?" ಎಂದು ಆ ತಾಯಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಲೆಕ್ಕ ಕಲಿಸಿದವರು ನಾವೇ. ಆ ಲೆಕ್ಕ ಬದುಕಿನಲ್ಲಿ ಯಾವ ವೇಷದಲ್ಲಿ ಎದುರಾಗುತ್ತದೆ ಎಂಬುದನ್ನು ಮಾತ್ರ ನಾವು ಕಲಿಸಿರಲಿಲ್ಲ.

ಹಣದ ಮಾತು ಮಕ್ಕಳ ಕಿವಿಗೆ ಬೀಳಬಾರದು, ಅದು ದೊಡ್ಡವರ ವಿಷಯ ಎಂದು ನಂಬಿದ ಮನೆಗಳು ನಮ್ಮಲ್ಲಿ ಹಲವು. ಆದರೆ ಹದಿನೆಂಟು ತುಂಬಿದ ಮರುದಿನವೇ ಆ ಮಗು ದೊಡ್ಡವರ ಸಾಲಿಗೆ ಸೇರುತ್ತದೆ. ಅದಕ್ಕೆ ಮೊದಲು ಮಾಡಿಕೊಂಡ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. ಅನಂತರ ಹಾಕಿದ ಸಹಿಗೆ ಪೂರ್ಣ ಬೆಲೆಯುಂಟು. ಓದದೆ ಸಹಿ ಹಾಕಿದೆ ಎಂಬ ಮಾತು ಸಾಮಾನ್ಯವಾಗಿ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಹತ್ತನೆಯ ತರಗತಿ ಮುಗಿಸುವ ಮಗುವಿಗೆ ಇನ್ನು ಉಳಿದಿರುವುದು ಎರಡು ಮೂರು ವರ್ಷ ಮಾತ್ರ.

ಗಡಿನಾಡಿನ ನಮಗೆ ಇನ್ನೊಂದು ತೊಡಕೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳ ಪಾಠದ ಭಾಷೆ ಒಂದು, ಕಚೇರಿಯ ಭಾಷೆ ಇನ್ನೊಂದು. ಬ್ಯಾಂಕಿನ ಫಾರ್ಮುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್, ಹಿಂದಿ, ಮಲಯಾಳ. ಪೇಟೆಯಲ್ಲಿ ಆಡುವ ಮಲಯಾಳ ನಮ್ಮ ಹೆಚ್ಚಿನ ಮಕ್ಕಳಿಗೆ ಬರುತ್ತದೆ; ಸಾಲಪತ್ರದ ಮಲಯಾಳ ಬಾರದು. ಹಾಗಾಗಿ ಪಕ್ಕದಲ್ಲಿ ನಿಂತವರು "ಇಲ್ಲಿ ಹಾಕು" ಎಂದು ಬೆರಳು ತೋರಿದಲ್ಲಿ ಸಹಿ ಬೀಳುತ್ತದೆ.

ಕೆಲವು ಶಬ್ದಗಳಂತೂ ಪರಿಚಿತವೆಂಬಂತೆ ಕಂಡು ಮೋಸಗೊಳಿಸುತ್ತವೆ. ನಮಗೆ ಅಪೇಕ್ಷೆ ಎಂದರೆ ಬಯಕೆ. ಅಲ್ಲಿ 'ಅಪೇಕ್ಷ' ಎಂದರೆ ಅರ್ಜಿ. ನಮಗೆ ನಿಕ್ಷೇಪವೆಂದರೆ ನೆಲದಡಿಯ ನಿಧಿ. ಅಲ್ಲಿ 'ನಿಕ್ಷೇಪಂ' ಎಂದರೆ ಠೇವಣಿ. 'ಪಲಿಶ' ಬಡ್ಡಿ, 'ವಾಯ್ಪ' ಸಾಲ, 'ಗಡು' ಕಂತು, 'ಕುಡಿಶ್ಶಿಗ' ಬಾಕಿ, 'ಜಾಮ್ಯಂ' ಜಾಮೀನು. ಇನ್ನು ಸಹಿಗೆ ಮಲಯಾಳದಲ್ಲಿ 'ಒಪ್ಪ್' ಎನ್ನುತ್ತಾರೆ. ಈ ಒಂದು ಶಬ್ದವನ್ನು ಕನ್ನಡದ ಅರ್ಥದಲ್ಲೇ ಹಿಡಿದರೂ ತಪ್ಪಿಲ್ಲ. ಸಹಿ ಹಾಕುವುದೆಂದರೆ ಒಪ್ಪುವುದೇ ತಾನೆ!

ಆ ತಾಯಿ ಬಂದು ಹೋದ ಬಳಿಕ ನಮ್ಮಲ್ಲಿ ಕೆಲವು ಅಧ್ಯಾಪಕರು ಸೇರಿ ಒಂಬತ್ತನೆಯ ತರಗತಿಗೆ ವಾರಕ್ಕೊಂದು ಪಿರಿಯಡನ್ನು ಇದಕ್ಕಾಗಿ ಮೀಸಲಿಟ್ಟೆವು. ಹೊಸ ಪುಸ್ತಕವೇನೂ ಬೇಕಾಗಲಿಲ್ಲ. ಬ್ಯಾಂಕಿನಿಂದ ಖಾಲಿ ಚಲನ್‌ಗಳನ್ನೂ ಅರ್ಜಿಗಳನ್ನೂ ಕೇಳಿ ತಂದೆವು. ಮೇಲಿನ ಶಬ್ದಗಳನ್ನು ಮಕ್ಕಳು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಾವೇ ಉಳಿತಾಯ ಖಾತೆ ನಡೆಸಬಹುದು, ಬ್ಯಾಂಕುಗಳೂ ತಮ್ಮ ಮಿತಿಯೊಳಗೆ ಇದಕ್ಕೆ ಅವಕಾಶ ಕೊಡಬಹುದು ಎಂಬುದು ಅವರಲ್ಲಿ ಹಲವರಿಗೆ ಹೊಸ ಸುದ್ದಿ.

ಗಣಿತದ ಅಧ್ಯಾಪಕರು ಕರಿಹಲಗೆಯಲ್ಲಿ ಒಂದು ಲೆಕ್ಕ ಹಾಕಿದರು. ಮೊಬೈಲ್ ಫೋನಿನ ಬೆಲೆ 15,000 ರೂಪಾಯಿ. ತಿಂಗಳಿಗೆ 1,500ರಂತೆ ಹನ್ನೆರಡು ಕಂತು, ಒಟ್ಟು 18,000. ಬಡ್ಡಿ ನೂರಕ್ಕೆ ಇಪ್ಪತ್ತು ಎಂದು ಇಡೀ ತರಗತಿ ಕೂಗಿತು. ಆದರೆ ಅಸಲು ತಿಂಗಳು ತಿಂಗಳಿಗೆ ಕರಗುತ್ತಾ ಬರುವುದರಿಂದ ಹದಿನೈದು ಸಾವಿರ ಪೂರ್ತಿ ಒಂದು ವರ್ಷ ನಮ್ಮ ಕೈಯಲ್ಲಿ ಇರುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷದ ಬಡ್ಡಿ ನೂರಕ್ಕೆ ಸುಮಾರು 35. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಹಾಗಾದರೆ ಅಂಗಡಿಯವರು ಅದನ್ನು ಹೇಳುವುದಿಲ್ಲ ಯಾಕೆ ಸಾರ್?" ಎಂದ. ಕೇಳಬೇಕಾದವರು ಕೇಳಬೇಕು, ಅದಕ್ಕೇ ಈ ಪಾಠ ಎಂದೆವು.

ಜಾಮೀನಿನ ವಿಷಯವನ್ನೂ ಬಿಡಿಸಿ ಹೇಳಿದೆವು. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ಷರತ್ತು ಬರೆದಿಲ್ಲದಿದ್ದರೆ, ಜಾಮೀನು ನಿಂತವನ ಹೊಣೆ ಸಾಲಗಾರನ ಹೊಣೆಯಷ್ಟೇ. ಸ್ನೇಹಿತನಿಗಾಗಿ ಹಾಕುವ ಸಹಿ ಬರಿಯ ಉಪಚಾರವಲ್ಲ. ಫೋನಿನಲ್ಲಿ ಹಣ ಕಳುಹಿಸುವುದಕ್ಕೆ ಗುಪ್ತಸಂಖ್ಯೆ ಬೇಕು, ಬರುವ ಹಣಕ್ಕೆ ಬೇಡ. ಹಣ ಕೊಡುತ್ತೇವೆಂದು ಆ ಸಂಖ್ಯೆ ಒತ್ತಿಸುವವರು ವಂಚಕರು. ಮೋಸ ಹೋದದ್ದು ತಿಳಿದೊಡನೆ ನಾಚಿಕೆ ಬಿಟ್ಟು 1930ಕ್ಕೆ ಫೋನ್ ಮಾಡಬೇಕು. ನಮ್ಮ ಖಾತೆ ನಮ್ಮ ಹಲ್ಲುಜ್ಜುವ ಬ್ರಶ್ಶಿನಂತೆ. ಅಣ್ಣನಿಗೂ ಎರವಲು ಕೊಡತಕ್ಕದ್ದಲ್ಲ.

ವಾರ್ಷಿಕೋತ್ಸವದ ಖರ್ಚಿನ ಲೆಕ್ಕವನ್ನು ಆ ತರಗತಿಗೇ ಒಪ್ಪಿಸಿದೆವು. ಕೊನೆಗೆ ನಲವತ್ತು ರೂಪಾಯಿ ತಾಳೆಯಾಗಲಿಲ್ಲ. ನಮ್ಮ ಕಿಸೆಯಿಂದ ಹಾಕಿ ಮುಗಿಸಬಹುದಿತ್ತು; ಹಾಕಲಿಲ್ಲ. ಎರಡು ದಿನ ಹುಡುಕಿದ ಬಳಿಕ ಹಗ್ಗ ಕೊಂಡ ಚೀಟಿ ಒಬ್ಬಳ ಪಾಠಪುಸ್ತಕದ ನಡುವೆ ಸಿಕ್ಕಿತು. ಆ ದಿನ ಮಕ್ಕಳ ಮುಖದಲ್ಲಿ ಕಂಡ ಸಂತೋಷ ಪರೀಕ್ಷೆಯ ಫಲಿತಾಂಶದ ದಿನವೂ ಕಂಡದ್ದಿಲ್ಲ.

ಸಹೋದ್ಯೋಗಿ ಅಧ್ಯಾಪಕರಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ತರಗತಿಯಲ್ಲಿ ಅಡಿಕೆ ತೋಟದವರ ಮಕ್ಕಳೂ ಇದ್ದಾರೆ, ಬೀಡಿ ಕಟ್ಟುವ ಮನೆಯ ಮಕ್ಕಳೂ ಇದ್ದಾರೆ. ಮನೆಯ ಆದಾಯವೆಷ್ಟು, ಸಾಲವೆಷ್ಟು ಎಂದು ಎಲ್ಲರೆದುರು ಯಾವ ಮಗುವನ್ನೂ ಕೇಳಬಾರದು. ಮೊದಲ ವಾರ ನಾವೇ ಈ ತಪ್ಪು ಮಾಡಿ, ಒಬ್ಬ ಹುಡುಗಿ ತಲೆ ತಗ್ಗಿಸಿ ಕುಳಿತದ್ದನ್ನು ಕಂಡು ತಿದ್ದಿಕೊಂಡೆವು. ಅಂದಿನಿಂದ ಲೆಕ್ಕಗಳೆಲ್ಲ ಕಲ್ಪಿತ ಮನೆಯವು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಸಲ ಬ್ಯಾಂಕಿಗೋ ಸೊಸೈಟಿಗೋ ಹೋಗುವಾಗ ಹೈಸ್ಕೂಲಿನ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದುಕೊಂಡು ಹೋಗಿ. ಚಲನ್ ಅವರೇ ತುಂಬಲಿ. ತಪ್ಪಿದರೆ ಇನ್ನೊಂದು ಹಾಳೆ ಸಿಗುತ್ತದೆ. ಅರ್ಥವಾಗದ ಶಬ್ದವನ್ನು ಕಿಟಕಿಯಲ್ಲಿ ನಿಂತು ಅವರೇ ಕೇಳಲಿ. ಹಿಂದೆ ನಿಂತವರು ಗೊಣಗಿದರೂ ಚಿಂತೆಯಿಲ್ಲ. ಆ ತಾಯಿಯ ಮಗ ಈಗಲೂ ವಿಚಾರಣೆಗಾಗಿ ಅಲೆಯುತ್ತಿದ್ದಾನೆ. ಖಾತೆ ತೆರೆದ ದಿನ ಒಂದು ಪ್ರಶ್ನೆ ಕೇಳುವ ಧೈರ್ಯ ಅವನಿಗಿದ್ದರೆ ಸಾಕಿತ್ತು.