ಇಂಗ್ಲಿಷ್ ವಾಕ್ಯಗಳಲ್ಲಿ ಕ್ರಿಯಾಪದದ ವಚನನಿರ್ಣಯ: ಕನ್ನಡ ವಾಕ್ಯರಚನೆಯ ಹಿನ್ನೆಲೆಯಲ್ಲಿ

ಕರ್ತೃಪದದ ವಚನಕ್ಕೆ ಅನುಗುಣವಾಗಿ ಕ್ರಿಯಾಪದವಿರಬೇಕೆಂಬುದು ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಈ ನಿಯಮವನ್ನು ಚೆನ್ನಾಗಿ ಬಲ್ಲವರೂ ಬರವಣಿಗೆಯಲ್ಲಿ ‘ಈಸ್’ ಮತ್ತು ‘ಆರ್’ಗಳ ನಡುವೆ ತಡವರಿಸುವುದುಂಟು. ತೊಡಕಿರುವುದು ನಿಯಮದಲ್ಲಲ್ಲ, ನಿಜವಾದ ಕರ್ತೃವನ್ನು ಗುರುತಿಸುವಲ್ಲಿ. ಇದಕ್ಕೆ ಕನ್ನಡದ ವಾಕ್ಯರಚನೆ ಎಲ್ಲಿ ನೆರವಾಗಬಲ್ಲುದು, ಎಲ್ಲಿ ನೆರವಾಗಲಾರದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ದಿ ಕೀ ಟು ದಿ ಕ್ಯಾಬಿನೆಟ್ಸ್ ಈಸ್ ಆನ್ ದಿ ಟೇಬಲ್’ ಎಂಬ ವಾಕ್ಯವನ್ನು ಗಮನಿಸಬಹುದು. ಇಲ್ಲಿ ಕರ್ತೃ ‘ಕೀ’. ಆದರೆ ಕ್ರಿಯಾಪದದ ಪಕ್ಕದಲ್ಲಿರುವುದು ‘ಕ್ಯಾಬಿನೆಟ್ಸ್’ ಎಂಬ ಬಹುವಚನ. ಹೀಗಾಗಿ ‘ಆರ್’ ಎಂದು ಬರೆಯುವ ಸೆಳೆತವುಂಟಾಗುತ್ತದೆ. ಇಂಥ ತಪ್ಪು ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರಲ್ಲಿಯೂ ಕಂಡುಬರುತ್ತದೆಂಬುದನ್ನು ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಅವರು 1991ರಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಇಂಥ ವಿಶೇಷಣಗಳು ವಿಶೇಷ್ಯದ ಅನಂತರ ಬಂದು, ಅದನ್ನು ಕ್ರಿಯಾಪದದಿಂದ ದೂರಮಾಡುತ್ತವೆ. ಕನ್ನಡದಲ್ಲಿ ಕ್ರಮ ಇದಕ್ಕೆ ವಿರುದ್ಧ: ‘ಕಪಾಟುಗಳ ಬೀಗದಕೈ ಮೇಜಿನ ಮೇಲಿದೆ’. ವಿಶೇಷಣ ಮೊದಲು, ವಿಶೇಷ್ಯ ಕೊನೆಗೆ. ಆದ್ದರಿಂದ ಇಂಗ್ಲಿಷಿನ ಕರ್ತೃಭಾಗವನ್ನು ಕನ್ನಡಕ್ಕೆ ತಂದು, ಅದರ ಕೊನೆಯ ನಾಮಪದವನ್ನು ನೋಡಿದರೆ ವಚನ ನಿರ್ಣಯವಾಗುತ್ತದೆ.

‘ದಿ ನಂಬರ್ ಆಫ್ ಸ್ಟೂಡೆಂಟ್ಸ್’ ಎಂಬುದು ‘ವಿದ್ಯಾರ್ಥಿಗಳ ಸಂಖ್ಯೆ’. ಕೊನೆಯ ಪದ ‘ಸಂಖ್ಯೆ’, ಆದ್ದರಿಂದ ‘ಹ್ಯಾಸ್’. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಎಂಬುದಾದರೋ ‘ಹಲವು ವಿದ್ಯಾರ್ಥಿಗಳು’, ಆದ್ದರಿಂದ ‘ಹ್ಯಾವ್’. ಉಪಪದವೊಂದು ಬದಲಾದ ಮಾತ್ರಕ್ಕೆ ವಚನ ಬದಲಾಗುವ ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ.

ಇನ್ನೂ ಕ್ಲಿಷ್ಟವಾದುದು ‘ಶಿ ಈಸ್ ಒನ್ ಆಫ್ ದೋಸ್ ಟೀಚರ್ಸ್ ಹೂ ರೈಟ್ ಪೊಯಟ್ರಿ’ ಎಂಬ ಮಾದರಿ. ಕನ್ನಡದಲ್ಲಿ ಇದು ‘ಅವಳು ಕವಿತೆ ಬರೆಯುವ ಶಿಕ್ಷಕಿಯರಲ್ಲಿ ಒಬ್ಬಳು’ ಎಂದಾಗುತ್ತದೆ. ‘ಬರೆಯುವ’ ಎಂಬ ಕೃದಂತಕ್ಕೆ ವಚನವಿಲ್ಲ. ಆದರೆ ಅದು ‘ಶಿಕ್ಷಕಿಯರು’ ಎಂಬುದಕ್ಕೆ ವಿಶೇಷಣವೆಂಬುದು ಅದರ ಸ್ಥಾನದಿಂದಲೇ ತಿಳಿಯುತ್ತದೆ. ಆದ್ದರಿಂದ ‘ರೈಟ್’ ಎಂಬ ಬಹುವಚನ ತರ್ಕಬದ್ಧ. ಬಳಕೆಯಲ್ಲಿ ‘ರೈಟ್ಸ್’ ಎಂಬುದೂ ಕಾಣಸಿಗುತ್ತದೆ. ‘ಒನ್’ಗೆ ಬದಲಾಗಿ ‘ದಿ ಓನ್ಲಿ ಒನ್’ ಎಂದಿದ್ದರೆ ಅರ್ಥ ‘ಆ ಶಿಕ್ಷಕಿಯರಲ್ಲಿ ಕವಿತೆ ಬರೆಯುವವಳು ಅವಳೊಬ್ಬಳೇ’ ಎಂದಾಗುವುದರಿಂದ ‘ರೈಟ್ಸ್’ ಎಂಬ ಏಕವಚನವೇ ಸರಿ.

ಆದರೆ ಈ ವಿಧಾನಕ್ಕೆ ಮಿತಿಗಳಿವೆ. ‘ಮೋರ್ ದ್ಯಾನ್ ಒನ್ ಸ್ಟೂಡೆಂಟ್ ಹ್ಯಾಸ್ ಕಮ್’ ಎಂಬಲ್ಲಿ ಕನ್ನಡವು ‘ಬಂದಿದ್ದಾರೆ’ ಎಂದರೆ, ಇಂಗ್ಲಿಷ್ ‘ಒನ್ ಸ್ಟೂಡೆಂಟ್’ ಎಂಬ ರೂಪಕ್ಕೆ ಅಂಟಿಕೊಂಡು ಏಕವಚನವನ್ನೇ ಬಳಸುತ್ತದೆ. ‘ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ಹ್ಯಾವ್ ಕಮ್’ ಎಂಬಲ್ಲಿ ಸಮೀಪದ ಪದವೇ ಸಾಮಾನ್ಯವಾಗಿ ನಿರ್ಣಾಯಕ. ಕನ್ನಡದ ‘ಬರಲಿಲ್ಲ’ ಎಂಬ ನಿಷೇಧರೂಪ ವಚನವನ್ನೇ ಸೂಚಿಸದಿರುವುದರಿಂದ ಯಾವ ಸುಳಿವೂ ದೊರೆಯದು. ‘ಕಮಿಟಿ’ಯಂಥ ಸಮೂಹವಾಚಕಗಳಿಗೆ ಅಮೆರಿಕದಲ್ಲಿ ಏಕವಚನವೇ ರೂಢಿ, ಬ್ರಿಟನ್ನಿನಲ್ಲಿ ಸದಸ್ಯರನ್ನು ಬಿಡಿಬಿಡಿಯಾಗಿ ಭಾವಿಸಿದಾಗ ಬಹುವಚನವೂ ಸಮ್ಮತ. ಕನ್ನಡದಲ್ಲಿ ‘ಸಮಿತಿ ನಿರ್ಧರಿಸಿತು’ ಎಂದೇ ಆದರೂ, ‘ಜನ ಬಂದರು’ ಎಂಬಲ್ಲಿ ನಾವೂ ರೂಪವನ್ನು ಬಿಟ್ಟು ಅರ್ಥವನ್ನೇ ಅನುಸರಿಸುತ್ತೇವೆ.

ರಾಂಡಾಲ್ಫ್ ಕ್ವರ್ಕ್ ಮೊದಲಾದವರು 1985ರ ತಮ್ಮ ಬೃಹತ್ ವ್ಯಾಕರಣದಲ್ಲಿ ರೂಪ, ಅರ್ಥ, ಸಾಮೀಪ್ಯ ಎಂಬ ಈ ಮೂರು ತತ್ತ್ವಗಳನ್ನು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಇವುಗಳ ಬಲಾಬಲವೂ ಸ್ಥಿರವಲ್ಲ. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನ ‘ಯುನೈಟೆಡ್ ಸ್ಟೇಟ್ಸ್’ ಎಂಬುದಕ್ಕೆ ಬಹುವಚನದ ಸರ್ವನಾಮವನ್ನು ಬಳಸಿದೆ. ಇಂದು ಅದು ಏಕವಚನ. ರಾಜ್ಯಗಳ ಒಕ್ಕೂಟವನ್ನು ಒಂದೇ ರಾಷ್ಟ್ರವೆಂದು ಭಾವಿಸುವುದು ರೂಢಿಯಾದಂತೆ ವಚನವೂ ಬದಲಾಯಿತು.

ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರು ಈ ಭೇದವನ್ನು ಅರಿತಿರುವುದು ಅಗತ್ಯ. ‘ದಿ ಕೀ ಟು ದಿ ಕ್ಯಾಬಿನೆಟ್ಸ್ ಆರ್’ ಎಂಬುದು ದೋಷ. ‘ದಿ ಕಮಿಟಿ ಆರ್’ ಎಂಬುದು ಪ್ರಯೋಗಭೇದ. ಎರಡಕ್ಕೂ ಒಂದೇ ಕೆಂಪುಗೆರೆ ಎಳೆದರೆ ವಿದ್ಯಾರ್ಥಿಯು ವ್ಯಾಕರಣಕ್ಕೆ ಅಂಜುವುದನ್ನು ಕಲಿಯುತ್ತಾನೆಯೇ ಹೊರತು ಅದರ ತರ್ಕವನ್ನಲ್ಲ.