ರೀಲು ತಿರುಗಿತಾ, ನೋಡಿ

ಬಾಪನ ಹಳೇ ರೀಲು ಕ್ಯಾಮರಾ ಇನ್ನೂ ಕಪಾಟಿನಲ್ಲಿದೆಯಾ? ಮಕ್ಕಳು ಕೇಳಿದರೆ ಕೊಡಿ, ಜೊತೆಗೆ ಇದೊಂದು ಮಾತೂ ಹೇಳಿ.

ನಮ್ಮ ಮನೆಯ ನಿಖಾಹ್‌ನಲ್ಲಿ ಕಾಕ 36 ಫೋಟೋ ತೆಗೆದರು. ಸ್ಟುಡಿಯೋದಲ್ಲಿ ತೊಳೆದರೆ ರೀಲು ಪೂರ್ತಿ ಖಾಲಿ! ಫಿಲ್ಮಿನ ತುದಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ. ಆ ವರ್ಷವೇ ಅಜ್ಜಿ ತೀರಿಹೋದರು. ಅವರದೊಂದು ಫೋಟೋ ಇಂದಿಗೂ ನಮ್ಮಲ್ಲಿಲ್ಲ.

ರೀಲನ್ನು ನೆರಳಲ್ಲೇ ಹಾಕಿ. ತುದಿಯನ್ನು ಎದುರಿನ ಸುರುಳಿಯ ಸೀಳಿಗೆ ಸಿಕ್ಕಿಸಿ. ಅಂಚಿನ ತೂತುಗಳು ಹಲ್ಲಿಗೆ ಕೂತ ಮೇಲೆ ಮುಚ್ಚಳ ಹಾಕಿ. ರೀಲು ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಈಗ ಲಿವರ್ ಎಳೆದಾಗ ಆ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಮತ್ತೆ ಹಾಕಿ.

ಒಂದು ನಿಮಿಷದ ಕೆಲಸ. ಹೋದ ಮುಖ ಮತ್ತೆ ಬರಲ್ಲ.