ಚರಗದ ಬುತ್ತಿ: ಕೊಪ್ಪಳ ಸೀಮೆಯ ಹಬ್ಬದಡುಗೆ

ಕೊಪ್ಪಳ ಜಿಲ್ಲೆಯಲ್ಲಿ ಮಹಾನವಮಿಯಿಂದ ಎಳ್ಳ ಅಮಾವಾಸ್ಯೆಯವರೆಗಿನ ದಿನಗಳೆಂದರೆ ಮುಂಗಾರಿ ಪೀಕು ಮನೆ ಸೇರುವ, ಹಿಂಗಾರಿ ಪೀಕು ಹೊಲದಲ್ಲಿ ಏಳುವ ಕಾಲ. ಜೂನ್–ಜುಲೈನಲ್ಲಿ ಬಿತ್ತಿದ ಸಜ್ಜೆ ಮೂರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಅದರ ಹಿಂದೆಮುಂದೆ ಹೆಸರು, ಎಳ್ಳು, ಶೇಂಗಾ ಬರುತ್ತವೆ. ಹಬ್ಬದ ಅಡುಗೆಗೆ ಬೇಕಾದ ಕಾಳುಕಡಿಯಲ್ಲಿ ಹೆಚ್ಚಿನದು ಹೀಗೆ ಹೊಲದಿಂದಲೇ ಸಿಗುತ್ತದೆ. ಬೆಲ್ಲ, ಕೊಬ್ಬರಿ, ಏಲಕ್ಕಿಯನ್ನಷ್ಟೇ ಸಂತೆಯಿಂದ ತರಬೇಕು. ಈ ಸೀಮೆಯ ಹಬ್ಬದೂಟ ರುಚಿಯಲ್ಲಿ ಶ್ರೀಮಂತವಾಗಿದ್ದೂ ಬಡವರ ಕೈಗೆ ಎಟಕುವಂತಿರುವುದಕ್ಕೆ ಇದೇ ಕಾರಣ.

ಜಿಲ್ಲೆಯ ಎಲ್ಲ ಕಡೆಯ ಊಟ ಒಂದೇ ತೆರನಲ್ಲ. ಕುಷ್ಟಗಿಯ ಮಸಾರಿ ಹೊಲಗಳು ಸಜ್ಜೆಗೆ ಹೇಳಿಮಾಡಿಸಿದ ನೆಲ. ಯಲಬುರ್ಗಾ, ಕುಕನೂರು ಭಾಗದ ಎರಿ ಭೂಮಿ ಹಿಂಗಾರಿ ಜೋಳ ಮತ್ತು ಕಡಲೆಗೆ ಒಗ್ಗಿದ್ದು. ಗಂಗಾವತಿಯ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಅಲ್ಲಿ ಭತ್ತ ನೆಲೆಯೂರಿತು, ಅನ್ನ ದಿನನಿತ್ಯದ ಊಟವಾಯಿತು. ಆದರೂ ಹಬ್ಬ ಬಂತೆಂದರೆ ಗಂಗಾವತಿಯ ಮನೆಗಳಲ್ಲೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.

ಈ ಅವಧಿಯ ಹಬ್ಬಗಳಲ್ಲಿ ಅಡುಗೆಯ ದೃಷ್ಟಿಯಿಂದ ದೊಡ್ಡದು ಶೀಗಿ ಹುಣ್ಣಿಮೆ. ಆಶ್ವೀಜ ಮಾಸದ ಈ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಪೈರು ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ ಆಕೆಗೆ ಬಯಕೆಯೂಟ ಬಡಿಸುವ ದಿನವಿದು. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಬಳಿದು ಪೂಜಿಸಿ ಎಡೆ ಹಿಡಿಯುತ್ತಾರೆ. ಆಮೇಲೆ ಮಾಡಿ ತಂದ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಕೂಗು ಹಾಕುತ್ತ ಹೊಲದ ಸುತ್ತ ಎರಚುತ್ತಾರೆ. ಇದೇ ಚರಗ ಚೆಲ್ಲುವುದು. ಉಳಿದದ್ದು ನೆರೆಹೊಲದವರೊಡನೆ ಕೂತು ಉಣ್ಣುವ ಊಟ.

ಆ ಬುತ್ತಿಯಲ್ಲಿ ಮೊದಲ ಸ್ಥಾನ ಸಜ್ಜಿ ರೊಟ್ಟಿಗೆ. ಸಜ್ಜೆಯಲ್ಲಿ ಕೊಬ್ಬಿನಂಶ ಇತರ ಧಾನ್ಯಗಳಿಗಿಂತ ಹೆಚ್ಚು. ಹಿಟ್ಟು ಮಾಡಿಟ್ಟರೆ ಕೆಲವೇ ದಿನಗಳಲ್ಲಿ ಕಹಿಯಾಗುವುದು ಅದಕ್ಕೇ. ಬೇಕಾದಷ್ಟನ್ನೇ ಬೀಸಿಸಿಕೊಳ್ಳುವುದು ಇಲ್ಲಿಯ ಹೆಣ್ಣುಮಕ್ಕಳ ರೂಢಿ, ಅದು ಸರಿಯಾದ ರೂಢಿ. ಸಜ್ಜೆಗಾಗಲಿ ಜೋಳಕ್ಕಾಗಲಿ ಗೋಧಿಯಂತೆ ಅಂಟಿನ ಗುಣವಿಲ್ಲ. ಆದ್ದರಿಂದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಹಾಕಿ, ಬಿಸಿ ಆರುವ ಮೊದಲೇ ಅಂಗೈ ಬುಡದಿಂದ ಒತ್ತಿ ನಾದಬೇಕು. ಆಗ ಹಿಟ್ಟಿಗೆ ಜಿಗಿ ಬರುತ್ತದೆ. ಉಂಡೆಯನ್ನು ಹಿಟ್ಟಿನ ಮೇಲಿಟ್ಟು ಬಡಿಯುತ್ತ ಹೋದಂತೆ ಅದು ತಾನೇ ತಿರುಗುತ್ತ ಅಗಲವಾಗುತ್ತದೆ. ಮೇಲೆ ಎಳ್ಳು ಉದುರಿಸಿ ಮತ್ತೆ ಮೆಲ್ಲಗೆ ಬಡಿದು, ಹಂಚಿಗೆ ಹಾಕಿ, ಹಸಿ ಬಟ್ಟೆಯಿಂದ ನೀರು ಸವರಿ ಮಗುಚಬೇಕು. ಬೆಂದದ್ದನ್ನು ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದರೆ ಕಡಕ್ ರೊಟ್ಟಿಯಾಗುತ್ತದೆ. ತೇವ ಪೂರಾ ಹೋಗಿರುವುದರಿಂದ ಬೂಸು ಹಿಡಿಯದೆ ವಾರಗಟ್ಟಲೆ ಇರುತ್ತದೆ. ಚಳಿಗಾಲಕ್ಕೆ ಸಜ್ಜೆ ಮೈಗೆ ಕಾವು ಕೊಡುತ್ತದೆ ಎಂಬ ನಂಬಿಕೆಯೂ ಈ ರೊಟ್ಟಿಯ ಜೊತೆಗಿದೆ.

ರೊಟ್ಟಿಗೆ ಜೊತೆ ಎಣ್ಣೆಗಾಯಿ. ಮುಷ್ಟಿಗಿಂತ ಸಣ್ಣ ಬದನೆಕಾಯಿಯನ್ನು ತೊಟ್ಟು ತೆಗೆಯದೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣ ಕೊಬ್ಬರಿ, ಬಳ್ಳೊಳ್ಳಿ, ಮಸಾಲೆ ಖಾರ, ಹುಣಸೆಹುಳಿ, ಚೂರು ಬೆಲ್ಲ ಕುಟ್ಟಿದ್ದನ್ನು ತುಂಬಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ನೀರು ಇಂಗಿ ಎಣ್ಣೆ ಮೇಲೆ ತೇಲಿದಾಗ ಅಡುಗೆ ಆಯಿತೆಂದು ಲೆಕ್ಕ. ಪುಂಡಿಪಲ್ಯ ಇನ್ನೂ ಸರಳ. ಹುಳಿ ಎಲೆಯನ್ನು ಬೇಯಿಸಿ, ಬೇಳೆ ಮತ್ತು ಜೋಳದ ನುಚ್ಚಿನೊಂದಿಗೆ ಕಡೆದು, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಗಂಗಾವತಿ ಸುತ್ತಲಿನ ಕ್ಯಾಂಪ್‌ಗಳಲ್ಲಿ ನೆಲೆಸಿರುವ ಆಂಧ್ರ ಮೂಲದ ರೈತರು ಪಚಡಿ ಮಾಡುವ ಗೋಂಗೂರವೂ ಇದೇ ಎಲೆ. ಎಲೆ ಒಂದೇ ಆದರೂ ಅವರದು ಅನ್ನಕ್ಕೆ, ಇವರದು ರೊಟ್ಟಿಗೆ. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳು, ಮೊಸರನ್ನ, ಕಾಳುಪಲ್ಯ ಬುತ್ತಿಯನ್ನು ತುಂಬುತ್ತವೆ.

ಸಿಹಿಯಲ್ಲಿ ಹೂರಣದ ಹೋಳಿಗೆ ಮತ್ತು ಕಡುಬು ಎಲ್ಲರಿಗೂ ಗೊತ್ತು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವ ಜಾಣತನವನ್ನು ಮೆಚ್ಚಲೇಬೇಕು. ಶೇಂಗಾ ಹೋಳಿಗೆಯ ಗುಣ ಬೇರೆ. ಹುರಿದ ಶೇಂಗಾ ಪುಡಿಗೆ ಬೆಲ್ಲ ಬೆರೆಸಿದ ಹೂರಣಕ್ಕೆ ನೀರೇ ಸೋಕುವುದಿಲ್ಲ, ಹಾಗಾಗಿ ಅದು ಬೇಳೆ ಹೋಳಿಗೆಯಂತೆ ಮರುದಿನಕ್ಕೆ ಹಳಸದೆ ಹಲವು ದಿನ ಉಳಿಯುತ್ತದೆ. ಸಿಹಿಕುಂಬಳಕಾಯಿಯ ಗಾರಗಿಯೂ ಸೊಗಸಾದ ತಿನಿಸು. ತುರಿದ ಕುಂಬಳವನ್ನು ಬೆಲ್ಲದೊಡನೆ ಕುದಿಸಿ, ಆ ರಸದಲ್ಲೇ ಗೋಧಿಹಿಟ್ಟು ಕಲಸಿ, ಗಸಗಸೆ ಹಚ್ಚಿ ತಟ್ಟಿ ಕರಿಯುತ್ತಾರೆ. ಹೊರಗೆ ಕೆಂಪಗೆ, ಒಳಗೆ ಮೆತ್ತಗೆ ಇರುವ ಈ ಗಾರಗಿ ಪೇಟೆಯ ಮಿಠಾಯಿ ಅಂಗಡಿಗಳಲ್ಲಿ ಅಪರೂಪ. ಅದನ್ನು ಉಳಿಸಿಕೊಂಡು ಬಂದವರು ಮನೆಯವರೇ.

ಇಷ್ಟೆಲ್ಲ ನಾಡಿನ ಅಡುಗೆಯಾದರೂ ಬೆಳೆಗಳೆಲ್ಲ ಈ ನೆಲದಲ್ಲೇ ಹುಟ್ಟಿದವಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಕಾದ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಅವು ಇಲ್ಲಿಯ ಹಳಬರು. ಸಜ್ಜೆ, ಜೋಳ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವು. ಶೇಂಗಾ, ಮೆಣಸಿನಕಾಯಿ, ಸಿಹಿಕುಂಬಳ ಅಮೆರಿಕ ಖಂಡದವು. ಯುರೋಪಿನವರು ಸಮುದ್ರ ದಾಟಿ ಬಂದ ಮೇಲಷ್ಟೇ ಅವು ಈ ಕಡೆ ತಲುಪಿದವು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿ ಸಜ್ಜೆ, ಜೋಳಗಳತ್ತ ಲೋಕದ ಕಣ್ಣು ತಿರುಗಿಸಿತು. ಕುಷ್ಟಗಿ, ಯಲಬುರ್ಗಾದ ಒಲೆಗಳಿಗೆ ಅವು ಹೊಸ ಸುದ್ದಿಯಾಗಿರಲಿಲ್ಲ.

ದೀಪಾವಳಿಯಲ್ಲಿ ಕರ್ಚಿಕಾಯಿ, ಚಕ್ಕಲಿಗಳ ಸರದಿ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ದು ಮಾಡಿದ ಆರತಿ ಗೊಂಬೆಗಳು. ಮಾರ್ಗಶಿರದ ಎಳ್ಳ ಅಮಾವಾಸ್ಯೆಗೆ ಮತ್ತೆ ಚರಗ, ಈ ಸಲ ಹಿಂಗಾರಿ ಜೋಳದ ಹೊಲಕ್ಕೆ. ಎಳ್ಳಿನ ಹೋಳಿಗೆ, ಹಸಿ ಕಡಲೆ, ತರತರದ ಕಾಳು ಮತ್ತು ಸೊಪ್ಪು ಆ ದಿನದ ವಿಶೇಷ.

ಜನವರಿಯ ಹೊತ್ತಿಗೆ ಮನೆಯ ರೊಟ್ಟಿಗಳು ಕೊಪ್ಪಳದ ಗವಿಮಠದ ದಾರಿ ಹಿಡಿಯುತ್ತವೆ. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ವಾರಗಳ ಮೊದಲೇ ಕಡಕ್ ರೊಟ್ಟಿ ಬಡಿದು ಒಟ್ಟುತ್ತಾರೆ. ಗಾಡಿ, ಟ್ರ್ಯಾಕ್ಟರ್‌ಗಳಲ್ಲಿ ಅವು ಮಠ ಸೇರುತ್ತವೆ. ಜೊತೆಗೆ ಮಾದಲಿ: ಗೋಧಿಹಿಟ್ಟಿನ ದಪ್ಪ ಚಪಾತಿ ಬೇಯಿಸಿ, ಕುಟ್ಟಿ ಪುಡಿ ಮಾಡಿ, ಬೆಲ್ಲ, ಪುಟಾಣಿ, ಕೊಬ್ಬರಿ, ಏಲಕ್ಕಿ ಬೆರೆಸಿದ್ದು. ಅದನ್ನು ಬಿಸಿ ಹಾಲು, ತುಪ್ಪ ಹಾಕಿಕೊಂಡು ಉಣ್ಣುತ್ತಾರೆ.